ಎಡದೆತ್ತು ನೋಡಿದ ಕಡೆ

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಆರ್ಟಿಸ್ಟ್ ಮನೆ ಯಾವುದು’ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ‘ನಾಯಿ ಬರೆಯೋರ ಮನೆ’ ಎಂದು ಕೇಳಿ, ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ಮೂವತ್ತು ವರ್ಷ ದೇವರು ದಿಂಡಿರು, ಅಕ್ಷರ, ಅಂಕಿ ಎಲ್ಲವನ್ನೂ ಬರೆದವನಿಗೆ ಕೊನೆಗೆ ದಕ್ಕಿದ ಬಿರುದು ಇದು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಫೋನಿನಲ್ಲಿ ದಾರಿ ಹೇಳುವಾಗ ನಾನೇ ಹಾಗೆ ಹೇಳುತ್ತೇನೆ.

ಕೆ.ಆರ್. ನಗರದ ಅಕ್ಕಿ ಗಿರಣಿಯವರೊಬ್ಬರ ಮನೆಯ ಹಾಲ್‌ನಲ್ಲಿ ನಾನು ಬರೆದ ಡಾಬರ್‌ಮನ್ ಇದೆ. ಪಿರಿಯಾಪಟ್ಟಣದ ಒಂದು ಮನೆಯಲ್ಲಿ ದೇವರ ಕೋಣೆಯ ಬಾಗಿಲ ಮೇಲೇ ಪಗ್ ನಾಯಿಯನ್ನು ತೂಗುಹಾಕಿದ್ದಾರೆ. ಮಂಗಳಾರತಿ ಮೊದಲು ಯಾರಿಗೆ ಸಲ್ಲುತ್ತದೋ ಹೇಳುವುದು ಕಷ್ಟ. ಎಚ್.ಡಿ. ಕೋಟೆ ಕಡೆಯ ರೆಸಾರ್ಟುಗಳಿಗೆ ಬರುವವರು ಹುಲಿ ನೋಡಲೆಂದು ಎರಡು ದಿನ ಕಾಡು ಸುತ್ತಿ, ಏನೂ ಕಾಣದೆ, ಹೋಗುವಾಗ ಮನೆಯಲ್ಲಿ ಬಿಟ್ಟು ಬಂದ ಬೆಕ್ಕಿನ ಫೋಟೊ ನನಗೆ ಕಳಿಸಿ ಚಿತ್ರ ಬರೆಸಿಕೊಳ್ಳುತ್ತಾರೆ. ಹೀಗೆ ನಾಲ್ಕು ತಾಲ್ಲೂಕಿನ ಗೋಡೆಗಳ ಮೇಲೆ ನನ್ನ ಕೈಯ ಪ್ರಾಣಿಗಳಿವೆ. ನಮ್ಮ ಮನೆಯ ಗೋಡೆಯ ಮೇಲೆ ಮಾತ್ರ ಒಂದು ಮೊಳೆ ಇತ್ತು. ಬರೀ ಮೊಳೆ.

ಅದನ್ನು ಹೊಡೆಸಿದವಳು ನಮ್ಮವ್ವ. ಅದು ಅಪ್ಪನ ಜಾಗ. ಅಪ್ಪ ಹೋದಾಗ ನನಗೆ ಮೂರು ವರ್ಷ ತುಂಬಿರಲಿಲ್ಲ. ಬಿಳಿಕೆರೆ ಹತ್ತಿರದ ಹಳ್ಳಿಯಲ್ಲಿ ಅವನು ಎತ್ತಿನಗಾಡಿ ಹೊಡೆಯುತ್ತಿದ್ದ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಿಗೆ ಸೌದೆ ಸಾಗಿಸುತ್ತಿದ್ದ. ಒಂದು ವಾರದ ಜ್ವರ, ಅಷ್ಟೆ. ಅವನ ಒಂದೇ ಒಂದು ಫೋಟೊ ಇಲ್ಲ. ಪಿತೃಪಕ್ಷದ ಹಬ್ಬದಲ್ಲಿ ಊರಿನವರೆಲ್ಲ ಹಿರಿಯರ ಫೋಟೊ ಒರೆಸಿ, ಹೂವು ಮುಡಿಸಿ, ಮುಂದೆ ಎಲೆ ಹಾಕಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಅವ್ವ ಮಾತ್ರ ಅಪ್ಪನ ಬಾರುಕೋಲನ್ನು ಗೋಡೆಗೆ ಒರಗಿಸಿ ಅದಕ್ಕೆ ಎಡೆ ಇಡುತ್ತಿದ್ದಳು. ಅಪ್ಪನೆಂದರೆ ನನಗೆ ಆ ಕೋಲೇ ಆಗಿತ್ತು.

ಎಂಬತ್ತು ದಾಟಿದ ಮೇಲೆ ಅವ್ವನಿಗೆ ಕಣ್ಣಿನ ಪೊರೆ ತೆಗೆಸಿದೆ. ಅಲ್ಲಿಂದ ಶುರುವಾಯಿತು ನನ್ನ ಪೀಕಲಾಟ. ಪೊರೆ ಇದ್ದಷ್ಟು ದಿನ ನನ್ನ ಚಿತ್ರಗಳು ಅವಳಿಗೆ ಬಣ್ಣದ ಮಚ್ಚೆಗಳು. ತೆಗೆಸಿದ ಮುಂದಿನ ವಾರವೇ ನನ್ನ ಕೆಲಸದ ಕೋಣೆಗೆ ಬಂದು, ಒಣಗಲು ಇಟ್ಟಿದ್ದ ಏಳೆಂಟು ನಾಯಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದಳು.

“ಇವೆಲ್ಲ ನೀನೇ ಬರ್ದಿದ್ದಾ?”

“ಊಂ ಕಣವ್ವ.”

“ಜೀವ ಬಂದಂಗವೆ ಕಣ್ಲಾ.” ನಾನು ಉಬ್ಬುವಷ್ಟರಲ್ಲಿ ಮುಂದಿನ ಮಾತು ಬಂತು. “ಕಂಡೋರ ನಾಯ್ಗೆಲ್ಲ ಜೀವ ಬರುಸ್ತೀಯ. ನಿಮ್ಮಪ್ಪ ಏನ್ಲಾ ಪಾಪ ಮಾಡಿದ್ದ? ಈ ಸಲ ಅಬ್ಬಕ್ಕೆ ಅವ್ನು ಆ ಮೊಳೆ ಮ್ಯಾಲೆ ಇರ್ಬೇಕು. ಬರೋ ವರ್ಸ ನಂಗೇ ಎಡೆ ಇಕ್ತೀರೋ ಏನೋ, ಯಾರ್ ಕಂಡೋರು.”

ಹಬ್ಬಕ್ಕೆ ಆರು ತಿಂಗಳಿತ್ತು. ಆಗಲಿ ಎಂದೆ. ಆದರೆ ನನಗೆ ಮನುಷ್ಯರನ್ನು ಬರೆಯಲು ಬರುವುದಿಲ್ಲ ಎಂಬ ಸತ್ಯ ನನ್ನ ಹೆಂಡತಿಯನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಬೋರ್ಡ್ ಬರೆಯುತ್ತಿದ್ದವನು. ಟೈಲರ್ ಅಂಗಡಿ, ಗೊಬ್ಬರದ ಅಂಗಡಿ, ಲಾರಿಯ ಹಿಂಭಾಗ. ಕೋಳಿ ಅಂಗಡಿಗಳಿಗೆ ನಾನು ಬರೆಯುತ್ತಿದ್ದ ನಗುವ ಕೋಳಿ ಬಹಳ ಹೆಸರು ಮಾಡಿತ್ತು; ಕತ್ತಿಯ ಪಕ್ಕದಲ್ಲೇ ನಿಂತು ಆ ಕೋಳಿ ಯಾಕೆ ನಗುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಬ್ರಷ್ಷುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಾ ಕುಳಿತವು, ನಾನು ಟೀ ಅಂಗಡಿಯಲ್ಲಿ ಕುಳಿತೆ.

ಆ ದಿನಗಳಲ್ಲಿ ಬೀಚನಹಳ್ಳಿಯಿಂದ ಒಬ್ಬರು ಬಂದರು. ಅಣೆಕಟ್ಟೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಅವರ ಕಂತ್ರಿ ನಾಯಿ ಸತ್ತಿತ್ತು. ಮೊಬೈಲಿನಲ್ಲಿ ಒಂದೇ ಫೋಟೊ. ಅದರಲ್ಲಿ ನಾಯಿ, ಇದೇನಪ್ಪ ಯಜಮಾನರ ಕೈಯಲ್ಲಿ ಎಂದು ಮೊಬೈಲನ್ನೇ ಗುಮಾನಿಯಿಂದ ನೋಡುತ್ತಿತ್ತು. “ಹೀಗೆ ಬೇಡ. ನೀವು ಡ್ಯೂಟಿ ಮುಗಿಸಿ ಬಂದಾಗ ಅದು ಎಲ್ಲಿ ಇರುತ್ತಿತ್ತು, ನೀವು ಎಲ್ಲಿ ನಿಲ್ಲುತ್ತಿದ್ದಿರಿ, ಒಂದು ಸಲ ನಿಂತು ತೋರಿಸಿ” ಎಂದೆ. ಅವರು ಬಾಗಿಲ ಹತ್ತಿರ ಹೋಗಿ, ಇಲ್ಲದ ಚಪ್ಪಲಿ ಕಳಚುವವರ ಹಾಗೆ ನಿಂತರು. ನಾನು ನಾಯಿಯ ಕಣ್ಣನ್ನು ಆ ಎತ್ತರಕ್ಕೆ, ಆ ದಿಕ್ಕಿಗೆ ಬರೆದೆ. ಚಿತ್ರ ನೋಡಿ ಅವರು ಅತ್ತುಬಿಟ್ಟರು. ಅದುವರೆಗೆ ನನ್ನ ಚಿತ್ರ ನೋಡಿ ನಕ್ಕವರೇ ಹೆಚ್ಚು. ಒಬ್ಬ ಗಂಡಸು ಅತ್ತದ್ದು ಅದೇ ಮೊದಲು.

ನನ್ನ ವಿದ್ಯೆ ಇಷ್ಟೇ. ಮೂಗು, ಕಿವಿ, ಬಾಲ ಎಲ್ಲ ಫೋಟೊದಿಂದ ಯಾರು ಬೇಕಾದರೂ ಬರೆಯಬಹುದು. ಸಾಕಿದವರು ಎಲ್ಲಿ ನಿಂತಿರುತ್ತಿದ್ದರು ಎಂದು ತಿಳಿದುಕೊಂಡು ಪ್ರಾಣಿಯ ಕಣ್ಣನ್ನು ಅಲ್ಲಿಗೆ ತಿರುಗಿಸಬೇಕು. ಸಾಕಿದವರು ಚಿತ್ರದಲ್ಲಿ ಇರುವುದಿಲ್ಲ, ಆದರೆ ಚಿತ್ರದ ಮುಂದೆ ನಿಂತಾಗ ಅವರಿಗೆ ತಾವೇ ಕಾಣುತ್ತಾರೆ. ನಾಯಿಯನ್ನು ಪ್ರೀತಿಸುತ್ತೇವೆಂದು ಹೇಳುವವರಿಗೆ ನಿಜಕ್ಕೂ ಬೇಕಾದದ್ದು ನಾಯಿ ತಮ್ಮನ್ನು ನೋಡುತ್ತಿರುವುದು. ಇದನ್ನು ಗಿರಾಕಿಗಳಿಗೆ ಹೇಳಬಾರದು.

ಆದರೆ ಈ ಅಭ್ಯಾಸ ಕೈಗೆ ಅಂಟಿಕೊಂಡಿತು. ಮನುಷ್ಯರನ್ನು ಬರೆದರೂ ಅದೇ ಕಣ್ಣು ಬರತೊಡಗಿತು. ನಮ್ಮ ಕಡೆಯ ಮುಖಂಡರೊಬ್ಬರು ಹುಟ್ಟುಹಬ್ಬಕ್ಕೆಂದು ಚಿತ್ರ ಬರೆಸಿಕೊಂಡು, ಅದರ ಮುಂದೆ ಬಹಳ ಹೊತ್ತು ನಿಂತು, “ಏನಪ್ಪಾ ಇದು, ಯಾರೋ ಬಿಸ್ಕತ್ ಆಕ್ತಾರೆ ಅಂತ ಕಾಯ್ತಾ ಕೂತಂಗಿದ್ದೀನಲ್ಲ” ಎಂದರು. ಸುಳ್ಳೇನಲ್ಲ, ಟಿಕೆಟ್ ಸಿಗುತ್ತದೆಂದು ಅವರು ಆಗ ಕಾಯುತ್ತಲೇ ಇದ್ದರು. ಆದರೂ ಚಿತ್ರ ವಾಪಸ್ ಬಂತು. ಹೆಂಡತಿಯನ್ನು ಒಮ್ಮೆ ಬರೆದಿದ್ದೆ. ಅವಳು ನೋಡಿ, “ಇನ್ನೇನು, ಕೊರಳಿಗೊಂದು ಬೆಲ್ಟ್ ಹಾಕ್ಬುಡಿ” ಎಂದು ಒಳಗೆ ಹೋದಳು.

ಇಂಥ ಕೈಯಿಂದ ಅಪ್ಪನನ್ನು ಬರೆಯಬೇಕಿತ್ತು, ಅದೂ ಕಾಣದ ಅಪ್ಪನನ್ನು. ಅವ್ವನನ್ನು ಎದುರಿಗೆ ಕೂರಿಸಿಕೊಂಡು ಪೆನ್ಸಿಲ್ ಹಿಡಿದೆ. ಮೊದಲ ದಿನ ಅಪ್ಪನ ಮೂಗು ಉದ್ದ ಎಂದಳು. ಮರುದಿನ, ಉದ್ದ ಯಾರ್ ಯೋಳುದ್ರು, ಮೊಂಡು ಎಂದಳು. ಮೀಸೆ ಇತ್ತು, ಇರಲಿಲ್ಲ, ಮದುವೆಯಲ್ಲಿ ಇತ್ತು, ಆಮೇಲೆ ಬೋಳಿಸಿದ. ಎರಡನೇ ಸಲ ನಾನು ಉಪಾಯ ಮಾಡಿ, ಚಿಕ್ಕಪ್ಪನ ಹಳೆಯ ಫೋಟೊ ಹುಡುಕಿ, ಅದನ್ನೇ ಸ್ವಲ್ಪ ತೆಳ್ಳಗೆ ಮಾಡಿ ಮೀಸೆ ಇಟ್ಟೆ. ಅಣ್ಣತಮ್ಮಂದಿರ ಹೋಲಿಕೆ ಇದ್ದೇ ಇರುತ್ತದಲ್ಲ. ಅವ್ವ ನೋಡಿದ ಕೂಡಲೇ ಕಳ್ಳನನ್ನು ಹಿಡಿದಳು.

“ಇದು ನಿಮ್ಮ ಚಿಕ್ಕಪ್ಪ. ಬದ್ಕಿದ್ದಾಗ ನಮ್ಮನೇಲಿ ಉಂಡಿದ್ದು ಸಾಲ್ದು ಅಂತ ಸತ್ತ ಮ್ಯಾಲೂ ಇವ್ನಿಗೇ ಇಕ್ಬೇಕಾ? ಬ್ಯಾರೆ ಮಖಕ್ಕೆ ಎಡೆ ಇಕ್ಕುದ್ರೆ ಅವ್ನೇ ಬಂದು ಉಂಡೋಯ್ತಾನೆ. ನಿಮ್ಮಪ್ಪ ಬಾಗ್ಲಲ್ಲಿ ಅಸ್ಕೊಂಡು ನಿಂತಿರ್ತಾನೆ.”

ನನ್ನ ಹೆಂಡತಿ ಮೊಬೈಲಿನಲ್ಲಿ ಏನೋ ಒತ್ತಿ, ಗಾಡಿ ಹೊಡೆಯುವ ಹಳ್ಳಿಗ ಎಂದು ಹೇಳಿ, ಆ ಮೊಬೈಲಿನಿಂದಲೇ ಒಂದು ಚಿತ್ರ ಬರೆಸಿದಳು. ಅಗಲವಾದ ಎದೆ, ರೇಷ್ಮೆ ರುಮಾಲು, ಹಲ್ಲು ಮುತ್ತು ಪೋಣಿಸಿದ ಹಾಗೆ. ಸೌದೆ ಹೊತ್ತ ಗುರುತು ಮೈಮೇಲೆ ಎಲ್ಲೂ ಇಲ್ಲ. ಅವ್ವ ಅದನ್ನು ಕೈಗೆ ಇಸಿದುಕೊಂಡು ಬಹಳ ಹೊತ್ತು ನೋಡಿ, “ಚೆಂದಾಗವ್ನೆ. ನಮ್ಮೋನಲ್ಲ” ಎಂದು ವಾಪಸ್ ಕೊಟ್ಟಳು.

ಮೂರನೇ ಸಲ ನಾನು ಬರೆದದ್ದನ್ನು ತೋರಿಸಿದಾಗ ಅವಳು ಕಾಗದವನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಳು.

“ಮಖ ಮರ್ತೋಗದೆ ಕಣ್ಲಾ” ಎಂದಳು. “ನನ್ ಬಾಯ್ಗೆ ಮಣ್ಣಾಕ, ಕಟ್ಕೊಂಡೋನ ಮಖಾನೇ ಮರ್ತು ಕೂತಿವ್ನಿ. ಆಗ್ಲಾದ್ರೂ ಎಲ್ಲಿ ನೋಡಿದ್ದೆ ನಾನು? ಅತ್ತೆ, ಮಾವ, ಮೈದುನ್ರು, ಮನೆ ತುಂಬ ಜನ. ಗಾಡಿ ಗೆಜ್ಜೆ ಸದ್ದು ಕೇಳುದ್ರೆ ಸೆರಗು ತಲೆ ಮ್ಯಾಕೆ ಎಳ್ಕೊಂಡು ಬಾಗ್ಲ ಮೂಲೇಲಿ ನಿಂತ್ಕೊಳೋಳು. ತಲೆ ಎತ್ತಿ ಗಂಡನ್ನ ನೋಡೋದುಂಟಾ? ಎತ್ತಿನ ಮಖ ಬೇಕಾರೆ ಕೇಳು, ಯೋಳ್ತೀನಿ.”

ಅವ್ವ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವಳು ಹೇಳಿದ ಹಾಗೆ ತಲೆಯ ಮೇಲೆ ಸೆರಗು ಹೊದ್ದದ್ದನ್ನಂತೂ ಎಂದೂ ಕಂಡಿರಲಿಲ್ಲ. ನನಗೆ ಬುದ್ಧಿ ತಿಳಿದಾಗಿನಿಂದ ಅವಳ ಸೆರಗು ಸೊಂಟದಲ್ಲೇ. ಹೊಗೆಸೊಪ್ಪಿನ ಹೊಲದಲ್ಲಿ, ಬಿಸಿಲಲ್ಲಿ, ದೇವಸ್ಥಾನದಲ್ಲಿ ಎಲ್ಲ ಕಡೆಯೂ ಬಿಗಿಯಾಗಿ ಸಿಕ್ಕಿಸಿದ ಸೆರಗು. ಗಂಡ ಹೋದವಳು ಯಾರಿಗೆ ನಾಚಿಕೊಂಡು ಕೂಲಿ ಮಾಡುವುದು? ನನಗೆ ಬಹಳ ಸಂಕಟವಾಯಿತು. ಎತ್ತಿನ ಮುಖದ ಮಾತನ್ನು ಅವಳು ರೇಗಿ ಆಡಿದ್ದೆಂದುಕೊಂಡು ಬಿಟ್ಟುಬಿಟ್ಟೆ. ದೊಡ್ಡ ಆರ್ಟಿಸ್ಟ್ ನಾನು.

ಅದೇ ಸಮಯದಲ್ಲಿ ಹನಗೋಡಿನ ಒಬ್ಬ ಗೌಡರು ತಮ್ಮ ಜೋಡೆತ್ತಿನ ಚಿತ್ರ ಕೇಳಿದರು. ಮನೆಯಲ್ಲಿ ಟ್ರ್ಯಾಕ್ಟರ್ ಬಂದಿತ್ತು; ಎತ್ತುಗಳನ್ನು ಮಾರಲು ಮನಸ್ಸಿಲ್ಲದೆ ಸುಮ್ಮನೆ ಕಟ್ಟಿ ಮೇಯಿಸುತ್ತಿದ್ದರು. ಅವರು ಕಳಿಸಿದ ಹತ್ತು ಫೋಟೊಗಳಲ್ಲಿ ಒಂಬತ್ತರಲ್ಲಿ ಬರೀ ಕೊಂಬು. ಹತ್ತನೆಯದರಲ್ಲಿ ಅವರ ಸೊಸೆ ಎತ್ತುಗಳ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದಳು. ಬೆಳಕು ಚೆನ್ನಾಗಿತ್ತು. ಸೊಸೆಯನ್ನು ಬಿಟ್ಟು ಎತ್ತುಗಳನ್ನು ಬರೆದೆ. ಹಳ್ಳಿಕಾರ್ ಜೋಡಿ, ನೊಗ ಹೊತ್ತು ಎದುರಿಗೆ ಬರುವ ಹಾಗೆ. ನಾನು ಬರೆದದ್ದರಲ್ಲೇ ಒಳ್ಳೆಯ ಚಿತ್ರವೆಂದು ಬೀಗುತ್ತಾ, ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೆಗೆದುಕೊಂಡು ಹೋದೆ.

ಜಗುಲಿಯ ಮೇಲೆ ಬಿಚ್ಚಿಟ್ಟೆ. ಅರ್ಧ ಬೀದಿ ಸೇರಿತು. ಎಲ್ಲರೂ ಚಿತ್ರದ ಮುಂದೆ ಬಗ್ಗಿ ನೋಡಿದರು; ಮೈಮರೆತಿದ್ದಾರೆ ಎಂದುಕೊಂಡೆ.

“ಪೇಂಟರ್ರೇ, ಎತ್ತು ನಮ್ಮವೇ” ಎಂದರು ಗೌಡರು. “ಆದ್ರೆ ಎಡದ್ದ ಬಲಕ್ಕೆ ಕಟ್ಟಿದ್ದೀರಲ್ಲ!”

“ಸುಳಿ ನೋಡಿ, ಸುಳಿ” ಎಂದ ಇನ್ನೊಬ್ಬ ಮುದುಕ. ಎತ್ತಿನ ಭುಜದ ಮೇಲೆ ಕೂದಲು ಸುತ್ತಿಕೊಂಡಿರುವ ಗುರುತು ಅದು. “ಬಲಕ್ಕಿರೋ ಸುಳಿ ಎಡಕ್ಕೆ ಬಂದದೆ. ಇಂಥ ಎತ್ತ ಸಂತೇಲಿ ಕಟ್ಟುದ್ರೆ ಒಬ್ನೂ ಅತ್ರಕ್ಕೆ ಬರಾಕಿಲ್ಲ.”

ಫೋಟೊದಲ್ಲಿ ಇದ್ದ ಹಾಗೇ ಬರೆದಿದ್ದೇನೆ ಎಂದು ನಾನು ಗಟ್ಟಿಸಿ ಹೇಳಿದೆ. ಸೊಸೆ ಮೊಬೈಲ್ ತಂದು ನೋಡಿ ನಕ್ಕಳು. “ಸೆಲ್ಫೀಲಿ ಎಲ್ಲಾ ಉಲ್ಟಾ ಬತ್ತದೆ ಕಣಣ್ಣ. ನೋಡಿ, ನನ್ನ ಮೂಗ್ಬೊಟ್ಟೇ ಈ ಕಡೆಗೆ ಬಂದದೆ.” ನನ್ನ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆದರೂ ಸೋಲಲು ಮನಸ್ಸಿಲ್ಲದೆ, ಮುಂದಿನಿಂದ ನೋಡುವವರಿಗೆ ಇದು ಎಡವೇ ಅಲ್ಲವೇ ಎಂದು ವಾದ ಹೂಡಿದೆ. ಗೌಡರು ನನ್ನನ್ನು ಕನಿಕರದಿಂದ ನೋಡಿದರು.

“ಮುಂದುಗಡೆ ನಿಂತೋನ್ಗೆ ಏನ್ ಕೆಲ್ಸ ಸ್ವಾಮಿ? ಎಡ ಬಲ ಅನ್ನೋದು ಇಂದುಗಡೆ ಗಾಡಿ ಮ್ಯಾಲೆ ಕೂತೋನ್ದು. ಅವ್ನಿಲ್ದಿದ್ರೆ ಎತ್ಗೆ ಎಡಾನೂ ಇಲ್ಲ, ಬಲಾನೂ ಇಲ್ಲ.”

ವಾಪಸ್ ಬರುವಾಗ ಆ ಚಿತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಪಕ್ಕದವರು ಎತ್ತು ಚೆನ್ನಾಗಿವೆ ಎಂದರು, ನಾನು ತಲೆ ಎತ್ತಲಿಲ್ಲ. ಹನಗೋಡಿನಿಂದ ಹುಣಸೂರಿನವರೆಗೆ ಗೌಡರ ಮಾತೇ ಕಿವಿಯಲ್ಲಿತ್ತು. ಗಾಡಿ ಮೇಲೆ ಕೂತವನನ್ನು ಯಾರೂ ಬರೆದಿಲ್ಲ, ಆದರೆ ಅವನು ಎಲ್ಲಿ ಕೂತಿದ್ದಾನೆಂದು ಅಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ನಾಯಿಗಳ ವಿಷಯದಲ್ಲಿ ಇಷ್ಟು ವರ್ಷ ನಾನು ಮಾಡಿದ್ದೂ ಇದೇ ಅಲ್ಲವೇ? ಸ್ವಂತ ಮನೆಯ ಕೆಲಸಕ್ಕೆ ಬಂದಾಗ ಮಾತ್ರ ಮೂಗು ಮೀಸೆ ಹಿಡಿದುಕೊಂಡು ಒದ್ದಾಡಿದೆ.

ಮನೆಗೆ ಬಂದಾಗ ಅವ್ವ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ, “ಅವ್ವ, ನಮ್ಮ ಎಡದೆತ್ತು ಯಾವ ಬಣ್ಣ?”

ಅವಳು ಮೊರದಿಂದ ಕಣ್ಣು ಕೀಳಲಿಲ್ಲ. “ಬೂದಿ ಬಣ್ಣ. ಕುತ್ಗೆ ಅತ್ರ ಕಪ್ಪು. ಬಲಗೊಂಬು ತುದೀಲಿ ಸೀಳಿತ್ತು, ಹುಣಸೆ ಮರಕ್ಕೆ ಗುದ್ದಿ. ಬಲದ್ದು ಬಿಳೀದು, ಸಾಧು ಪ್ರಾಣಿ. ಅದರ ಕಿವಿ ಹರ್ದಿತ್ತು. ಸುಳಿ ಬಲಭುಜದ ಮ್ಯಾಲೆ, ಎಂಟಾಣೆ ಅಗಲ.” ಗಂಡನ ಮೂಗು ಉದ್ದವೋ ಮೊಂಡೋ ಹೇಳಲಾಗದವಳು ಅರವತ್ತು ವರ್ಷದ ಹಿಂದಿನ ಎತ್ತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದಳು.

ಮರುದಿನದಿಂದ ಅವಳು ನನ್ನ ಕೋಣೆಯಲ್ಲೇ ಠಿಕಾಣಿ ಹೂಡಿದಳು. ರೆಸಾರ್ಟಿನ ಬೆಕ್ಕುಗಳು ಒಂದೂವರೆ ತಿಂಗಳು ಕಾದವು. ಅವ್ವನಂಥ ಗಿರಾಕಿ ನನಗೆ ಸಿಕ್ಕಿಲ್ಲ. ಬೆನ್ನ ಮೇಲಿನ ಹಿಣಿಲು ಇಷ್ಟು ಮೇಲಕ್ಕಿರಲಿಲ್ಲ ಎನ್ನುವಳು. ಕೊರಳ ಕೆಳಗಿನ ಗಂಗೆದೊಗಲು ಜೋತುಬೀಳಬೇಕು ಎನ್ನುವಳು. ಕೊರಳ ಗೆಜ್ಜೆಯಲ್ಲಿ ಒಂದು ಬಿದ್ದುಹೋಗಿತ್ತು, ನಾನು ಎಲ್ಲವನ್ನೂ ಬರೆದಿದ್ದಕ್ಕೆ ಒಂದನ್ನು ಅಳಿಸಿ ಹಾಕಿಸಿದಳು. ಒಂದು ದಿನ ಗೊರಸಿನ ವಿಷಯದಲ್ಲಿ ನಾವಿಬ್ಬರೂ ಜೋರಾಗಿ ಜಗಳವಾಡಿ, ನಾನು ಬ್ರಷ್ ಎಸೆದು ಟೀ ಕುಡಿಯಲು ಹೋದೆ. ವಾಪಸ್ ಬಂದಾಗ ಅವಳು ಗೊರಸಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ತಾನೇ ಗೀಟು ಎಳೆದಿಟ್ಟಿದ್ದಳು. ಅವಳು ಎಳೆದದ್ದೇ ಸರಿಯಾಗಿತ್ತು.

ಎಡ ಬಲ ಮಾತ್ರ ನಾನು ತಪ್ಪಲಿಲ್ಲ. ಹಿಂದೆ ಕೂತವನ ಎಡಕ್ಕೆ ಬೂದಿ ಎತ್ತು, ಬಲಕ್ಕೆ ಬಿಳಿ ಎತ್ತು. ಕೊನೆಗೆ ಕಣ್ಣು ಉಳಿಯಿತು.

“ಗಾಡಿ ಬಂದು ಮನೆ ಮುಂದೆ ನಿಂತಾಗ ಎಡದ್ದು ಎಲ್ಲಿ ನೋಡ್ತಿತ್ತು?”

“ಇನ್ನೆಲ್ಲಿ? ನಿಮ್ಮಪ್ಪನ್ನ. ಅವ್ನು ಎಡಗಡೆಯಿಂದ ಇಳಿದು, ಅದ್ರ ಬೆನ್ನ ಮ್ಯಾಲೆ ಕೈ ಆಡುಸ್ಕೊಂಡು ಮುಂದಕ್ಕೆ ಬಂದು, ಬಾಗ್ಲ ಕಡೆ ಒಂದ್ಸಲ ತಿರುಗಿ ನಿಂತ್ಕೊಳೋನು. ನೊಗ ಇಳಿಸೋಗಂಟ ಅದು ಅವ್ನ್ನೇ ನೋಡೋದು.”

“ಬಾಗ್ಲ ಕಡೆ ಯಾಕೆ ತಿರುಗ್ತಿದ್ದ?”

ಅವ್ವ ಹುರುಳಿ ಒಲೆ ಮೇಲಿದೆ ಎಂದು ಎದ್ದು ಹೋದಳು. ಒಲೆ ಮೇಲೆ ಏನೂ ಇರಲಿಲ್ಲ.

ಚಿತ್ರ ಮುಗಿದದ್ದು ಹಬ್ಬದ ಹಿಂದಿನ ದಿನ. ಅವ್ವ ಹತ್ತಿರದಿಂದ ನೋಡಿ, ದೂರದಿಂದ ನೋಡಿ, “ಅವೇ” ಎಂದಳು. ಅಷ್ಟೇ. ಅಪ್ಪನೆಲ್ಲಿ ಎಂದು ಕೇಳಲಿಲ್ಲ. ಕೇಳಿದ್ದು ನನ್ನ ಹೆಂಡತಿ. “ಗಂಡನ್ನ ಬರ್ಕೊಡು ಅಂದ್ರೆ ಎರಡು ಎತ್ತು ಬರ್ದಿಟ್ಟಿದ್ದೀರಲ್ಲ, ಎಡೆ ಯಾರಿಗ್ರೀ ಇಡೋದು?” ನಾನು ಚಿತ್ರವನ್ನು ಎತ್ತಿ ಮೊಳೆಗೆ ತೂಗುಹಾಕಿದೆ. ಎಡದೆತ್ತು ಸ್ವಲ್ಪ ಮುಖ ತಿರುಗಿಸಿ ನಮ್ಮ ತಲೆಬಾಗಿಲ ಕಡೆ ನೋಡುತ್ತಿತ್ತು.

ಹಬ್ಬದ ಸಂಜೆ ಎಲೆ ಹಾಕಿದೆವು. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಎಲೆ ಅಡಿಕೆ, ಮಡಿಸಿದ ಪಂಚೆ. ಬಿಳಿಕೆರೆಯಿಂದ ಚಿಕ್ಕಪ್ಪನ ಮಗ ಸಂಸಾರ ಸಮೇತ ಬಂದಿದ್ದ. ಎಲೆಯನ್ನು ನೋಡಿ, ಗೋಡೆಯನ್ನು ನೋಡಿ, ನಗು ತಡೆಯಲಾರದೆ, “ಏನಣ್ಣೋ, ದೊಡ್ಡಪ್ಪನ್ನ ಕರುದ್ರೆ ಎತ್ತು ಬಂದವಲ್ಲ! ಮಟನ್ ಬದ್ಲು ಬೂಸ ಇಕ್ಬೇಕಿತ್ತು” ಎಂದ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಒಳಗೆ ಮಾತ್ರ ನಾಚಿಕೆಯಾಗುತ್ತಿತ್ತು. ಎಂಬತ್ತು ದಾಟಿದ ಮುದುಕಿ ಕೇಳಿದ್ದು ಒಂದೇ ಒಂದು ಮುಖ, ಅದನ್ನು ಕೊಡಲು ನನ್ನ ಕೈಯಲ್ಲಿ ಆಗಲಿಲ್ಲ.

ಧೂಪ ಹಾಕಿ, ಕೈ ಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದೆವು. ಹಿರಿಯರು ಬಂದು ಉಣ್ಣುವವರೆಗೆ ಮನೆಯವರು ಒಳಗೆ ಇರಬಾರದು. ಚಿಕ್ಕಪ್ಪನ ಮಗ ಮೊಬೈಲ್ ತೆಗೆದ. ಅವ್ವ ಜಗುಲಿಯ ಮೇಲೆ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಎದ್ದಳು. ನಾನು ಮುಂದೆ ಹೋಗಿ ಬಾಗಿಲು ತೆರೆದು ಹೊಸ್ತಿಲ ಹೊರಗೆ ನಿಂತೆ.

ಧೂಪದ ಹೊಗೆ ಇನ್ನೂ ಆರಿರಲಿಲ್ಲ. ಅವ್ವ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟವಳು ನಿಂತಳು. ಎಡದೆತ್ತನ್ನು ನೋಡಿದಳು. ಅದು ನೋಡುತ್ತಿದ್ದ ಕಡೆ, ನಾನು ನಿಂತಿದ್ದ ಬಾಗಿಲ ಕಡೆ, ಮೆಲ್ಲಗೆ ತಿರುಗಿದಳು. ಅವಳ ಕೈ ಸೊಂಟಕ್ಕೆ ಹೋಯಿತು. ಅರವತ್ತು ವರ್ಷ ಸಿಕ್ಕಿಸಿಕೊಂಡಿದ್ದ ಸೆರಗನ್ನು ಬಿಚ್ಚಿ, ಕೊಡವಿ, ತಲೆಯ ಮೇಲೆ ಎಳೆದುಕೊಂಡು, ಬಾಗಿಲ ಮೂಲೆಗೆ ಸರಿದು ತಲೆ ತಗ್ಗಿಸಿ ನಿಂತಳು.

ಬಾಗಿಲಿಗೆ ಅಡ್ಡವಾಗಿದ್ದವನು ನಾನೊಬ್ಬನೇ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.